ವೃದ್ಧಾಶ್ರಮದಲ್ಲಿ ತಿಗಣೆ: ಔಷಧಿ ಹೊಡೆಸುವ ಮೊದಲು ಮಾಡಬೇಕಾದ್ದು

ವಯಸ್ಸಾದವರಿಗೆ ತಿಗಣೆ ಕಚ್ಚಿದರೂ ಎಷ್ಟೋ ಸಲ ಮೈಮೇಲೆ ದದ್ದು ಏಳುವುದಿಲ್ಲ. ಮರೆವಿನ ಕಾಯಿಲೆ ಇದ್ದವರು ತುರಿಕೆ ಎಂದು ಹೇಳುವುದೂ ಇಲ್ಲ. ಆದ್ದರಿಂದ ದೂರು ಬರಲೆಂದು ಕಾಯದೆ, ವಾರಕ್ಕೊಮ್ಮೆ ಹೊದಿಕೆ ಬದಲಿಸುವಾಗ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಕೀಲು, ಸ್ಕ್ರೂ ತೂತು, ಗಾಲಿಕುರ್ಚಿ ಸೀಟಿನ ಮಡಿಕೆ ನೋಡಿ. ಶಾಯಿ ತಾಗಿದಂಥ ಕಪ್ಪು ಚುಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕಂದು ಬಣ್ಣಕ್ಕೆ ಹರಡಿದರೆ ಅದು ತಿಗಣೆಯ ಹಿಕ್ಕೆ.

ಕಂಡ ಕೂಡಲೇ ಹಾಸಿಗೆಯನ್ನು ಬೇರೆ ಕೋಣೆಗೆ ಸಾಗಿಸಬೇಡಿ, ತಿಗಣೆಯೂ ಜೊತೆಗೇ ಹೋಗುತ್ತದೆ. ಬಟ್ಟೆಬರೆಯನ್ನು ಆ ಕೋಣೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಹೊರತನ್ನಿ. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಲ್ಲಿ ಒಗೆಯಿರಿ. ಡ್ರೈಯರ್ ಇದ್ದರೆ ಹೆಚ್ಚಿನ ಬಿಸಿಯಲ್ಲಿ 30 ನಿಮಿಷ ಒಣಗಿಸಿ. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಲದು, ಕಾವು ಒಳಗಿನ ತನಕ ಇಳಿಯುವುದಿಲ್ಲ, ಹುಳು ನೆರಳಿನ ಮಗ್ಗುಲಿಗೆ ಸರಿಯುತ್ತದೆ.

ಹೊಲಿಗೆ, ಕೀಲುಗಳಿಗೆ ಸ್ಟೀಮರ್ ಹಿಡಿಯಿರಿ. ಒಂದು ಅಡಿ ಸಾಗಲು 10–15 ಸೆಕೆಂಡು ಬೇಕು. ಅವಸರಪಟ್ಟರೆ ಮೊಟ್ಟೆ ಉಳಿದುಬಿಡುತ್ತದೆ. ಏರ್ ಬೆಡ್‌ಗೆ, ವಿದ್ಯುತ್ ಮಂಚದ ಮೋಟಾರಿಗೆ ಹಬೆ ತಾಗಿಸಬಾರದು.

ಆಮೇಲೆ ಮಂಚವನ್ನು ಗೋಡೆಯಿಂದ ಅರ್ಧ ಅಡಿ ದೂರ ಸರಿಸಿ. ಹೊದಿಕೆ ನೆಲಕ್ಕೆ ತಾಗದಿರಲಿ. ಕಾಲುಗಳ ಕೆಳಗೆ ನುಣುಪಾದ ಪ್ಲಾಸ್ಟಿಕ್ ಬಟ್ಟಲಿಟ್ಟು ಒಳಗೆ ತೆಳುವಾಗಿ ಟಾಲ್ಕಂ ಪೌಡರ್ ಸವರಿದರೆ ಬಿದ್ದ ತಿಗಣೆ ಮೇಲೇರಲಾರದು. ಹಳೆಯ ರೂಢಿಯಂತೆ ಸೀಮೆಎಣ್ಣೆ ಸುರಿಯಲೇಬೇಡಿ. ಆಕ್ಸಿಜನ್ ಹಚ್ಚಿದವರಿರುವ ಕೋಣೆಯಲ್ಲಿ ಅದು ಬೆಂಕಿಗೆ ಆಹ್ವಾನ.

ಇಷ್ಟಾದ ಮೇಲೂ ತಿಗಣೆ ಉಳಿದರೆ ಮಾತ್ರ ಪರವಾನಗಿ ಇರುವ ಕಂಪನಿಯಿಂದ ಔಷಧಿ ಹೊಡೆಸಿ. ಬಿರುಕು, ಕೀಲುಗಳಿಗೆ ಮಾತ್ರ. ಹಾಸಿಗೆಯ ಮೇಲ್ಭಾಗಕ್ಕೆ ಬೇಡ. ಹಾಸಿಗೆ ಹಿಡಿದವರು ದಿನವಿಡೀ ಅದಕ್ಕೇ ಮೈತಾಗಿಸಿ ಮಲಗಿರುತ್ತಾರೆ. ಮೊದಲೇ ನಿವಾಸಿಗಳನ್ನೂ ಆಕ್ಸಿಜನ್ ಕಾನ್ಸಂಟ್ರೇಟರನ್ನೂ ಬೇರೆ ಕೋಣೆಗೆ ಸಾಗಿಸಿ, ಏಕೆಂದರೆ ಆ ಯಂತ್ರ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಲೇಬಲ್ ಹೇಳಿದಷ್ಟು ಹೊತ್ತು ಕಳೆದು, ಕಿಟಕಿ ತೆರೆದು, ಎಲ್ಲ ಒಣಗಿದ ಮೇಲಷ್ಟೇ ಕರೆತನ್ನಿ. ಹೆಚ್ಚಿನ ಔಷಧಿಗಳಿಗೆ ಮೊಟ್ಟೆ ಸುಲಭವಾಗಿ ಸಾಯುವುದಿಲ್ಲ. ಅದಕ್ಕೇ 10–14 ದಿನಕ್ಕೆ ಎರಡನೇ ಸುತ್ತು ಕಡ್ಡಾಯ. ಕೆಲಸ ಕೆಡುವುದು ಹೆಚ್ಚಾಗಿ ಇದನ್ನು ಬಿಟ್ಟಾಗಲೇ.

ಕಾಳಿಗಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಆಶ್ರಮದೊಳಗೆ ತರಲೇಬೇಡಿ. ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಬೀರುವಿನ ನುಸಿಗುಳಿಗೆಯನ್ನೂ ತೆಗೆಯಿರಿ, ಮರೆವಿರುವವರು ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಯಾರಾದರೂ ಏನನ್ನಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಔಷಧಿಯ ಪ್ಯಾಕೆಟ್ಟನ್ನೂ ಅವರ ಜೊತೆಗೇ ಆಸ್ಪತ್ರೆಗೆ ಕಳಿಸಿ.