ಹೆಜ್ಜಾರ್ಲೆಯ ಸುತ್ತ ಬಿಳಿ ಗೆರೆ

ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಮೇಲೆ ಕೂತ ಹೆಜ್ಜಾರ್ಲೆಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ್ದೆ. ಹಕ್ಕಿ ನೋಡುವುದರಲ್ಲಿ ಪಳಗಿದ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: "ಏನ್ರೀ, ಹಕ್ಕಿ ಸುತ್ತ ಟ್ಯೂಬ್‌ಲೈಟ್ ಕಟ್ಟಿದ್ದೀರಾ?" ಆ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ಕೊಕ್ಕಿನ ಅಂಚು, ಒಣ ರೆಂಬೆ, ಎಲ್ಲದರ ಸುತ್ತಲೂ ಬಿಳಿ ಗೆರೆ.

ತಪ್ಪು ನನ್ನದೇ. 6000×4000 ಪಿಕ್ಸೆಲ್‌ನ ಮೂಲ ಚಿತ್ರಕ್ಕೇ ಶಾರ್ಪನ್ (ಅಂಚು ಹರಿತವಾಗಿ ಕಾಣಿಸುವ ತಿದ್ದುಪಡಿ) ಕೊಟ್ಟಿದ್ದೆ. ಇಡೀ ಚಿತ್ರ ಪರದೆಯಲ್ಲಿ ಹಿಡಿಸುವಂತೆ ಇಟ್ಟುಕೊಂಡಿದ್ದರಿಂದ ಏನೂ ಬದಲಾದಂತೆ ಕಾಣಲಿಲ್ಲ, ಇನ್ನಷ್ಟು ಏರಿಸಿದೆ. ಆಮೇಲೆ ಉದ್ದದ ಬದಿಯನ್ನು 1600 ಪಿಕ್ಸೆಲ್ಲಿಗೆ ಇಳಿಸಿ, ಮಂಕಾಯಿತೆಂದು ಮತ್ತೊಮ್ಮೆ ಶಾರ್ಪನ್!

ಶಾರ್ಪನ್ ಇಲ್ಲದ ವಿವರವನ್ನು ಹುಟ್ಟಿಸುವುದಿಲ್ಲ. ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪು, ಬಿಳಿ ಬದಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ, ಕಣ್ಣು ಮೋಸಹೋಗುತ್ತದೆ. 6000×4000 ಚಿತ್ರ 1600×1067 ಆದಾಗ ಸುಮಾರು 14 ಪಿಕ್ಸೆಲ್ ಸೇರಿ ಒಂದಾಗುತ್ತವೆ. ಮೊದಲೇ ತೀಡಿದ ನವಿರು ಅಂಚು ಅಲ್ಲೇ ಕರಗಿಹೋಗುತ್ತದೆ, ಅತಿಯಾಗಿ ತೀಡಿದ್ದು ಮಾತ್ರ ಗೆರೆಯಾಗಿ ಉಳಿಯುತ್ತದೆ.

ಈಗ ಚಿತ್ರ ನೋಡುವ, ಗಾತ್ರ ಬದಲಿಸುವ ತಂತ್ರಾಂಶ ಇರ್ಫಾನ್‌ವ್ಯೂನಲ್ಲಿ ಕಂಟ್ರೋಲ್-ಆರ್ ಒತ್ತಿ, ಉದ್ದದ ಬದಿಗೆ 1600 ಕೊಟ್ಟು, ಅಗಲ-ಎತ್ತರದ ಅನುಪಾತ ಕಾಯುವ ಟಿಕ್ ಇದೆಯೇ ನೋಡಿ, ಗಾತ್ರ ಬದಲಿಸುವ ವಿಧಾನಗಳಲ್ಲೊಂದಾದ ಲಾಂಜೋಸ್ ಫಿಲ್ಟರ್‌ನಲ್ಲಿ ಇಳಿಸುತ್ತೇನೆ. ಶಾರ್ಪನ್ ಕೊನೆಗೆ, ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನ ಅನ್‌ಶಾರ್ಪ್ ಮಾಸ್ಕ್‌ನಲ್ಲಿ. (ಹರಿತ ಮಾಡುವುದಕ್ಕೆ 'ಅನ್‌ಶಾರ್ಪ್' ಎಂಬ ಹೆಸರೇಕೆಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಫಿಲ್ಮ್ ಕಾಲದ ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಜೊತೆ ಅದರದೇ ಮಸುಕು ಪ್ರತಿಯೊಂದನ್ನು ಜೋಡಿಸಿ ಪ್ರಿಂಟ್ ಹಾಕುತ್ತಿದ್ದರಂತೆ, ಹೆಸರು ಅಲ್ಲಿಂದ ಬಂದದ್ದು.) ಜಿಂಪ್ ತಾನಾಗಿ ಕೊಡುವ ರೇಡಿಯಸ್ (ಅಂಚಿನಿಂದ ಎಷ್ಟು ದೂರ ತೀಡಬೇಕೆಂಬ ಅಳತೆ) 3 ಸಣ್ಣ ಚಿತ್ರಕ್ಕೆ ವಿಪರೀತ. ನಾನು 0.6ರ ಆಸುಪಾಸು ಇಟ್ಟು, ಅಮೌಂಟ್ (ತೀಡುವ ಪ್ರಮಾಣ) 0.5 ದಾಟಿಸುವುದಿಲ್ಲ. ಆಕಾಶದ ಕಾಳುಕಾಳು ಎದ್ದು ಕಂಡರೆ ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸವಿದ್ದರೆ ಮಾತ್ರ ತೀಡಬೇಕೆಂಬ ಮಿತಿ) ತುಸು ಏರಿಸುತ್ತೇನೆ. ಇದೆಲ್ಲ 100% ಗಾತ್ರದಲ್ಲಿ ನೋಡುತ್ತಲೇ. ಹಕ್ಕಿಯ ಕಣ್ಣು ಚೆನ್ನಾಗಿ ಕಂಡರೆ ಕೈ ತೆಗೆದುಬಿಡುತ್ತೇನೆ. ಫೋಕಸ್ಸೇ ತಪ್ಪಿದ ಚಿತ್ರದ ಮೇಲೆ ಹೊತ್ತು ಕಳೆಯುವುದನ್ನು ಬಿಟ್ಟಿದ್ದೇನೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ಎಡವಟ್ಟು ಮಾಡಿಕೊಂಡೆ. ಅಕ್ಕನ ಮಗುವಿನ ನಾಮಕರಣದ ಚಿತ್ರಗಳನ್ನು ಇರ್ಫಾನ್‌ವ್ಯೂನ ಬ್ಯಾಚ್‌ನಲ್ಲಿ ಒಟ್ಟಿಗೆ ಇಳಿಸುವಾಗ ಔಟ್‌ಪುಟ್ ಫೋಲ್ಡರ್ ಬದಲಿಸಲಿಲ್ಲ, ಹಳೆಯ ಫೈಲಿನ ಮೇಲೇ ಬರೆಯುವ ಓವರ್‌ರೈಟ್ ಟಿಕ್ ಬೇರೆ ಹಾಕಿತ್ತು. ಮೂಲ ಚಿತ್ರಗಳೆಲ್ಲ 1600 ಆಗಿ ಕೂತವು. ಮೆಮೊರಿ ಕಾರ್ಡನ್ನು ಹಿಂದಿನ ದಿನವೇ ಫಾರ್ಮ್ಯಾಟ್ ಮಾಡಿದ್ದೆ. ಅಕ್ಕ 12×18 ಇಂಚಿನ ಪ್ರಿಂಟ್ ಕೇಳಿದಳು. ಲೆಕ್ಕ ಹಾಕಿದರೆ ಇಂಚಿಗೆ 90 ಪಿಕ್ಸೆಲ್ಲೂ ಬರುವುದಿಲ್ಲ, ಒಳ್ಳೆಯ ಪ್ರಿಂಟಿಗೆ 300 ಬೇಕೆನ್ನುತ್ತಾರೆ. ಕೊನೆಗೆ 4×6ರಲ್ಲಿ ಒಂದು ಹಾಕಿಸಿಕೊಟ್ಟೆ. ಅವಳ ಮನೆಯ ಗೋಡೆಯಲ್ಲಿ ದೊಡ್ಡ ಫ್ರೇಮಿಗೆಂದು ಹೊಡೆದ ಮೊಳೆ ಇನ್ನೂ ಖಾಲಿ ಇದೆ.