ಪಿಟೀಲು ಹಿಡಿದು ಕುಣಿಯೋದನ್ನು ನಾನು ಕಲಿತದ್ದು ಹೀಗೆ

ನಾನು ಕಲಿತದ್ದು ಕರ್ನಾಟಕ ಶೈಲಿಯ ಪಿಟೀಲು. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿ ನುಡಿಸುತ್ತೇವೆ. ವಾದ್ಯದ ಭಾರ ಎಡಗೈ ಮೇಲೆ ಬೀಳುವುದಿಲ್ಲ. ಅದಕ್ಕೇ ಬೆರಳು ತಂತಿಯ ಮೇಲೆ ಸಲೀಸಾಗಿ ಜಾರಿ ಗಮಕ, ಅಂದರೆ ಸ್ವರದ ಓಲಾಟ, ಹಿಡಿಯುತ್ತದೆ. ಇದೇ ಪಿಟೀಲನ್ನು ಎದ್ದು ನಿಂತು, ಕುಣಿಯುತ್ತಾ ನುಡಿಸಬೇಕು ಅನ್ನೋ ಆಸೆ ಹುಟ್ಟಿದ್ದು ಕುಣಿಯುತ್ತಲೇ ನುಡಿಸುವ ಪಿಟೀಲು ವಾದಕಿ ಲಿಂಡ್ಸೆ ಸ್ಟರ್ಲಿಂಗ್ ಅವರನ್ನು ನೋಡಿ.

ಅವರು ಅಮೆರಿಕದ ಅರಿಜೋನಾದಲ್ಲಿ ಬೆಳೆದವರು. 2010ರಲ್ಲಿ 'ಅಮೆರಿಕಾಸ್ ಗಾಟ್ ಟ್ಯಾಲೆಂಟ್' ಟಿವಿ ಸ್ಪರ್ಧೆಯ ಕ್ವಾರ್ಟರ್ ಫೈನಲ್‌ವರೆಗೆ ಹೋದರು. ಹಾರಿ ಕುಣಿದು ನುಡಿಸುವಷ್ಟು ಕೈ ಪಳಗಿಲ್ಲ ಅಂತ ತೀರ್ಪುಗಾರರು ಮುಖಕ್ಕೇ ಹೇಳಿದರು. ಮರುವರ್ಷ ಡೆವಿನ್ ಗ್ರಹಾಂ ಎಂಬ ವಿಡಿಯೊ ಕಲಾವಿದರು ಅವರ ಹಾಡನ್ನು ಚಿತ್ರೀಕರಿಸಿದರು. 2012ರಲ್ಲಿ ಕೊಲರಾಡೊದ ಹಿಮದ ಕೋಟೆಯಲ್ಲಿ ತೆಗೆದ 'ಕ್ರಿಸ್ಟಲೈಜ್' ಬಂತು. ಆ ವರ್ಷ ಯೂಟ್ಯೂಬ್‌ನಲ್ಲಿ ಜಾಸ್ತಿ ಜನ ನೋಡಿದ ಹತ್ತು ವಿಡಿಯೊಗಳಲ್ಲಿ ಅದೂ ಒಂದು. 2014ರ 'ಶ್ಯಾಟರ್ ಮಿ' ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು.

ಆ ತೀರ್ಪುಗಾರರ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು ಅನಿಸುತ್ತದೆ. ಮೈ ಜಿಗಿದರೆ ಕಮಾನು ನಡುಗುತ್ತದೆ, ನಾದ ಒಡೆಯುತ್ತದೆ. ಹಾಡು ಪೂರ್ತಿ ಕೈಗೆ ಕೂತ ಮೇಲೆಯೇ ಹೆಜ್ಜೆ ಸೇರಿಸುತ್ತೇನೆ ಅಂತ ಲಿಂಡ್ಸೆ ಅವರೇ ಹೇಳಿದ್ದಾರೆ. ನಾನೂ ಅದೇ ದಾರಿ ಹಿಡಿದೆ.

ಮೊದಲು ಹಿಡಿತ. ಪಿಟೀಲಿನ ಅಡಿಗೆ ಹೆಗಲ ಆಸರೆ (ಶೋಲ್ಡರ್ ರೆಸ್ಟ್) ಹಾಕಿ, ಗದ್ದ ಮತ್ತು ಹೆಗಲ ನಡುವೆ ಪಿಟೀಲು ನಿಲ್ಲುವಂತೆ ಮಾಡಿಕೊಂಡೆ. ಎಡಗೈ ಬಿಟ್ಟರೂ ಬೀಳಬಾರದು. ಆಮೇಲೆ ಬರೀ ಷಡ್ಜ, ಪಂಚಮ, ಅಂದರೆ ಸ ಮತ್ತು ಪ ಸ್ವರಗಳು. ಉದ್ದಕ್ಕೆ ಕಮಾನು ಎಳೆಯುತ್ತಾ ಹಾಲ್‌ನಲ್ಲಿ ಸುಮ್ನೆ ನಡೆದಾಡುವುದು. ಮಂಡಿ ಸ್ವಲ್ಪ ಬಗ್ಗಿದ್ದರೆ ಹೆಜ್ಜೆಯ ಪೆಟ್ಟು ಅಲ್ಲೇ ಕರಗುತ್ತದೆ, ಬಲಗೈವರೆಗೆ ಬರುವುದಿಲ್ಲ. ಇದೊಂದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕಾಲು ನೆಲ ಮುಟ್ಟುವಾಗಲೇ ಕಮಾನಿನ ದಿಕ್ಕು ಬದಲಿಸಿದರೆ ಇನ್ನೂ ಒಳ್ಳೆಯದು. ಚೂರು ನಡುಕ ಬಂದರೂ ತಾಳದ ಪೆಟ್ಟಿನಲ್ಲಿ ಮುಚ್ಚಿಹೋಗುತ್ತದೆ. ಸುತ್ತು ತಿರುಗುವ ಕಡೆ ಉದ್ದನೆಯ ಸ್ವರ ಬರುವಂತೆ ನೋಡಿಕೊಳ್ಳುತ್ತೇನೆ. ಮೂರನೇ ಕಾಲದ, ಅಂದರೆ ಬಹಳ ವೇಗದ, ಸ್ವರ ಬಂದಾಗ ಪಾದ ನಿಂತಲ್ಲೇ ನಿಲ್ಲುತ್ತದೆ, ಸೊಂಟ ಮತ್ತು ತಲೆಗೆ ಮಾತ್ರ ಕೆಲಸ.

ಇನ್ನು ಯಾವ ಹಾಡು? ಭೈರವಿ ರಾಗದ ವರ್ಣವನ್ನು (ವರ್ಣ ಒಂದು ಬಗೆಯ ರಚನೆ) ಕುಣಿಯುತ್ತಾ ನುಡಿಸಲು ನನ್ನ ಮನಸ್ಸು ಒಪ್ಪಲ್ಲ. ಅಷ್ಟು ಗಮಕಕ್ಕೆ ಕೂತ ಭಂಗಿಯೇ ಬೇಕು. ನಾನು ಆರಿಸಿಕೊಂಡದ್ದು ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ ಎಂಬ ಪುಟ್ಟ ರಚನೆಗಳನ್ನು. ಪಾಶ್ಚಾತ್ಯ ಧಾಟಿಯವು, ಗಮಕವಿಲ್ಲದ ನೇರ ಸ್ವರಗಳು. ನಿಂತು ನುಡಿಸಲು ಹೇಳಿ ಮಾಡಿಸಿದಂತಿವೆ. ನಮ್ಮ ಸಂಗೀತಕ್ಕೆ ಪಿಟೀಲು ತಂದವರಲ್ಲಿ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಮೊದಲಿಗರು ಅಲ್ವಾ!

ವಿಡಿಯೊ ಮಾಡುವಾಗ ಧ್ವನಿಯನ್ನು ಮೊದಲೇ ರೆಕಾರ್ಡ್ ಮಾಡಿ, ಅದಕ್ಕೆ ಸರಿಯಾಗಿ ಕುಣಿಯುತ್ತೇನೆ. ಮ್ಯೂಸಿಕ್ ವಿಡಿಯೊಗಳ ರೂಢಿಯೇ ಅದು. ವೇದಿಕೆಯಲ್ಲಿ ಹಾಗಲ್ಲ. ಅಲ್ಲಿ ವಾದ್ಯಕ್ಕೆ ನಾದ ಹಿಡಿಯುವ ಪಿಕಪ್, ಸೊಂಟಕ್ಕೆ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಬೇಕು. ವೈರ್ ಇದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಈಗ ಒಂದು ತಿಲ್ಲಾನ, ಅಂದರೆ ಲಯಪ್ರಧಾನ ರಚನೆ, ಹಿಡಿದಿದ್ದೇನೆ. ಪಲ್ಲವಿಗೆ ಹೆಜ್ಜೆ ಕೂತಿದೆ, ಚರಣದಲ್ಲಿ ಎಲ್ಲಿ ತಿರುಗಬೇಕು ಅಂತ ಇನ್ನೂ ಹುಡುಕುತ್ತಿದ್ದೇನೆ.