ಸ್ಕ್ರ್ಯಾಪ್ ದುಡ್ಡು, ಫೇಲಾದ ವರ್ನಿಯರ್ ಮತ್ತು ಒಂದು ಸರ್ಕಾರಿ ಶಾಲೆ: ನನ್ನ ಅನುಭವ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಮ್ಮದು ಮೂವತ್ತು ಚಿಲ್ಲರೆ ಜನರ ಮಷಿನ್ ಶಾಪ್. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ನಮ್ಮ ಗೇಟಿನ ಹತ್ತಿರಕ್ಕೂ ಬರಲ್ಲ. ನಿವ್ವಳ ಲಾಭ 5 ಕೋಟಿ, ಇಲ್ಲ ವಹಿವಾಟು 1000 ಕೋಟಿ, ಇಲ್ಲ ನೆಟ್‌ವರ್ತ್ 500 ಕೋಟಿ ಮುಟ್ಟಿದವರಿಗೆ ಮಾತ್ರ, ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ (ಸಿಎಸ್‌ಆರ್) ಹಾಕುವ ಆ ಲೆಕ್ಕ. 5 ಕೋಟಿ ಲಾಭ ಬರ್ತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಾ ಕೂತಿರುತ್ತಿರಲಿಲ್ಲ ಬಿಡಿ.

ಆದರೂ ನಮ್ಮ ಬೀದಿಯ ಸರ್ಕಾರಿ ಶಾಲೆಗೆ ಏಳೆಂಟು ವರ್ಷದಿಂದ ಏನೋ ಒಂದು ಮಾಡುತ್ತಾ ಬಂದಿದ್ದೇನೆ. ಮೊದಲ ಮೂರ್ನಾಲ್ಕು ವರ್ಷದ್ದೆಲ್ಲ ನೀರಿನಲ್ಲಿ ಹೋಯಿತು. ಟೀ ಅಂಗಡಿ ಹತ್ತಿರ ಸಿಗುವ ಬೇರೆ ಶಾಪ್‌ಗಳ ಮಾಲೀಕರು, "ಮೊದಲು ಬ್ಯಾಂಕಿನ ಕಂತು ಕಟ್ಟು ಮಾರಾಯ, ಆಮೇಲೆ ದೇಶ ಉದ್ಧಾರ ಮಾಡು" ಎನ್ನುತ್ತಿದ್ದರು. ಈಗ ಅವರಲ್ಲೇ ಇಬ್ಬರು ಬಂದು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈ ಸುಟ್ಟ ಕಥೆ. ಎಲ್ಲರ ಹಾಗೆ ನೋಟ್‌ಬುಕ್, ಬ್ಯಾಗು, ಆಗಸ್ಟ್ 15ಕ್ಕೆ ಸಿಹಿ. ಅದೇ ವಾರ ಇನ್ನೂ ಎರಡು ಕಂಪನಿಯವರು ಬ್ಯಾಗು ಕೊಟ್ಟು ಫೋಟೊ ತೆಗೆಸಿಕೊಂಡು ಹೋದರು. ಮಕ್ಕಳ ಹತ್ತಿರ ಮೂರು ಮೂರು ಬ್ಯಾಗು, ಶೌಚಾಲಯದಲ್ಲಿ ನೀರಿಲ್ಲ. ಆಮೇಲೆ ಹಳೇ ಕಂಪ್ಯೂಟರ್ ಐದಾರು ಕೊಟ್ಟೆವು. ಮುಖ್ಯ ಶಿಕ್ಷಕರಿಗೆ ವರ್ಗಾವಣೆ ಆಯಿತು, ಹೊಸಬರು ಕಳುವಾದರೆ ಯಾರು ಹೊಣೆ ಅಂತ ಕೋಣೆಗೆ ಬೀಗ ಹಾಕಿದರು. ಅವರದ್ದೂ ತಪ್ಪಲ್ಲ, ಅಲ್ವಾ?

ಜಾಸ್ತಿ ದುಡ್ಡು ತಿಂದದ್ದು ಆರ್‌ಒ, ಅಂದರೆ ಕುಡಿಯುವ ನೀರು ಶುದ್ಧ ಮಾಡುವ ಯಂತ್ರ. ಸುಮಾರು 70 ಸಾವಿರ. ಬೋರ್‌ವೆಲ್ ನೀರಿಗೆ ಹಾಕಿಸಿದ್ದು. ಪೀಣ್ಯದ ಬೋರ್ ನೀರು ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ಗಡಸುತನ ಒಂದು ಕಡೆ, ಲೋಹಕ್ಕೆ ಲೇಪನ ಹಾಕುವ ಪ್ಲೇಟಿಂಗ್ ಯೂನಿಟ್‌ಗಳಿಂದ ನೆಲಕ್ಕೆ ಇಳಿದ ಕ್ರೋಮಿಯಂ ಇನ್ನೊಂದು ಕಡೆ. ವರ್ಷ ತುಂಬುವ ಮೊದಲೇ ಅದರೊಳಗಿನ ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡಿತು. ಹಾಕಿದವರು ಫೋನ್ ಎತ್ತಲಿಲ್ಲ. ಕೊನೆಗೆ ಅದನ್ನು ಕಿತ್ತು, ಕಾವೇರಿ ನೀರಿನ ಸಂಪ್ ಶುದ್ಧ ಮಾಡಿಸಿ, ಸಾಮಾನ್ಯ ಫಿಲ್ಟರ್ ಹಾಕಿ, ಕುಡಿಯುವ ನಲ್ಲಿಗೂ ಬೋರ್ ಲೈನಿಗೂ ಸಂಬಂಧ ಇಲ್ಲದ ಹಾಗೆ ಪೈಪ್ ಬೇರೆ ಮಾಡಿಸಿದೆವು. ಖರ್ಚು ಆರ್‌ಒದ ಕಾಲು ಭಾಗವೂ ಆಗಲಿಲ್ಲ.

ಅಲ್ಲಿಂದ ಒಂದು ನಿಯಮ ಇಟ್ಟುಕೊಂಡೆ. ನಮ್ಮ ಶಾಪ್‌ನ ಫಿಟ್ಟರ್ ರಿಪೇರಿ ಮಾಡಲಾಗದ ಯಾವ ವಸ್ತುವನ್ನೂ ಶಾಲೆಗೆ ಕೊಡೋದಿಲ್ಲ. ಮಷಿನ್‌ಗೆ ಕೂಲೆಂಟ್ (ತಂಪು ಮಾಡುವ ದ್ರವ) ಬಿಡುವ ಪಂಪ್ ನೋಡಿಕೊಳ್ಳುವ ಹುಡುಗನೇ ತಿಂಗಳಿಗೊಂದು ಸಲ ಹೋಗಿ ವಾಷರ್, ಬಾಲ್‌ಕಾಕ್, ಚಿಲಕ ನೋಡಿ ಬರುತ್ತಾನೆ. ಹಿತ್ತಾಳೆ ನಲ್ಲಿ ಹಾಕಬೇಡಿ, ರಾತ್ರೋರಾತ್ರಿ ಮಾಯ. ಪ್ಲಾಸ್ಟಿಕ್ ನಲ್ಲಿಯನ್ನು ಯಾರೂ ಕದಿಯಲ್ಲ. ಶೌಚಾಲಯ ತೊಳೆಯುವ ಅಮ್ಮನಿಗೆ ದಿನಕ್ಕೆ ಎರಡು ಗಂಟೆ ಕೆಲಸ, ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು. ನಾನು ಹಾಕಿದ ದುಡ್ಡಿನಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದಿಲ್ಲ. ಎಂಟು, ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳ ಹಾಜರಿ ಏರಿದ್ದು ಹಾಜರಿ ಪುಸ್ತಕದಲ್ಲೇ ಕಾಣುತ್ತದೆ ಅಂತ ಮಿಸ್‌ಗಳೇ ಹೇಳಿದರು.

ದುಡ್ಡು ಎಲ್ಲಿಂದ? ಸ್ಕ್ರ್ಯಾಪ್‌ನಿಂದ. ನಮ್ಮದು ಅಲ್ಯೂಮಿನಿಯಂ ಜಾಬ್ ಜಾಸ್ತಿ. ಮೊದಲು ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು), ಅಲ್ಯೂಮಿನಿಯಂ ಎಲ್ಲ ಒಂದೇ ಡ್ರಮ್ಮಿಗೆ ಹೋಗುತ್ತಿತ್ತು, ಡೀಲರ್ ಹೇಳಿದ್ದೇ ರೇಟು. ಈಗ ಮಷಿನ್ ಹತ್ತಿರವೇ ಬೇರೆ ಬೇರೆ ತೊಟ್ಟಿ. ಚಿಪ್ಸ್, ಅಂದರೆ ಕಡೆದಾಗ ಉದುರುವ ಲೋಹದ ಚೂರುಗಳನ್ನು ಜಾಲರಿ ಮೇಲೆ ಒಂದು ರಾತ್ರಿ ಬಿಟ್ಟು ಕೂಲೆಂಟ್ ಇಳಿಸುತ್ತೇವೆ. ಇಳಿದ ಕೂಲೆಂಟೂ ಮತ್ತೆ ಟ್ಯಾಂಕಿಗೆ. ಹೀಗೆ ಬೇರೆ ಮಾಡಿದ್ದರಿಂದ ಹೆಚ್ಚಿಗೆ ಬರುವುದಷ್ಟೇ ಶಾಲೆಗೆ. ತಿಂಗಳಿಗೆ 12ರಿಂದ 15 ಸಾವಿರ, ಆರ್ಡರ್ ಚೆನ್ನಾಗಿದ್ದರೆ ಇನ್ನೂ ಸ್ವಲ್ಪ. ಮೊದಲು ಇಲ್ಲದ ದುಡ್ಡು ಇದು, ಹಾಗಾಗಿ ಪಾರ್ಟ್‌ನರ್ ಕೂಡ ತಕರಾರು ತೆಗೆಯಲಿಲ್ಲ. ಡೀಲರ್ ಜೊತೆ ರೇಟು ಹೇಗೆ ಕೂರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅವನೂ ಇದನ್ನು ಓದಬಹುದು.

ಆಡಿಟರ್ ಹೇಳಿದ ಒಂದು ಮಾತು ಬರೆದಿಡುತ್ತೇನೆ. ಸಾಮಾನು ಖರೀದಿಸಿ ಕೊಡುಗೆಯಾಗಿ ಕೊಟ್ಟರೆ ಅದರ ಜಿಎಸ್‌ಟಿ ಇನ್‌ಪುಟ್ ಸಿಗಲ್ಲ, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ. ಬ್ಯಾಗು ಬಿಟ್ಟು ಜನ, ಸಮಯ ಕೊಡುವ ಕಡೆ ಹೊರಳಲು ಅದೂ ಒಂದು ಕಾರಣ. ಧರ್ಮಕ್ಕಿಂತ ಲೆಕ್ಕ ಜಾಸ್ತಿ ಅಂತ ಬೇಕಾದರೂ ಅನ್ನಿ.

ಈಗ ಗೆದ್ದ ವಿಷಯ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಂದು ಗಂಟೆ "ಅಳತೆ ಕ್ಲಾಸು". ಮೊದಲು ನಮ್ಮ ಡಿಸೈನ್ ಎಂಜಿನಿಯರ್ ಪ್ರೊಜೆಕ್ಟರ್ ಹಿಡಿದು ಹೋದ. ಮಕ್ಕಳು ಆಕಳಿಸಿದರು. ಆಮೇಲೆ ಹಾವೇರಿ ಕಡೆಯ ನಮ್ಮ ಟರ್ನರ್ (ಲೇತ್ ಮಷಿನ್ ನಡೆಸುವ) ಅಣ್ಣನನ್ನು ಕಳಿಸಿದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದ ಮನುಷ್ಯ. "ಸಾರ್, ನಾನು ಮೇಷ್ಟ್ರಾ?" ಅಂತ ನಗುತ್ತಲೇ ಹೋದ. ಈಗ ಒಂದು ಶನಿವಾರ ತಪ್ಪಿದರೆ ಮಕ್ಕಳು ಗೇಟಿನ ಹತ್ತಿರ ಬಂದು ಕೇಳುತ್ತಾರೆ.

ಉಪಕರಣಕ್ಕೆ ಪೈಸೆ ಖರ್ಚಿಲ್ಲ. ಕ್ಯಾಲಿಬ್ರೇಷನ್‌ನಲ್ಲಿ (ಅಳತೆ ಸರಿಯೋ ಅಂತ ನೋಡುವ ಪರೀಕ್ಷೆ) ಫೇಲಾಗಿ ಕೆಂಪು ಸ್ಟಿಕರ್ ಅಂಟಿಸಿಕೊಂಡ ವರ್ನಿಯರ್, ಮೈಕ್ರೋಮೀಟರ್‌ನಂಥ ಸೂಕ್ಷ್ಮ ಅಳತೆಯ ಸಾಧನಗಳು ಎಲ್ಲರ ಕಪಾಟಿನಲ್ಲೂ ಇವೆ. ಆಡಿಟ್ ದಿನ ಬಚ್ಚಿಡುವ ಬದಲು ಶಾಲೆಗೆ ಕೊಡಿ. ಝೀರೋ ಎರರ್, ಅಂದರೆ ಸೊನ್ನೆ ತೋರಿಸಬೇಕಾದ ಕಡೆ ಬೇರೆ ಅಂಕಿ ತೋರಿಸುವ ದೋಷ, ಇರುವುದೇ ಒಳ್ಳೆಯದಾಯಿತು. ಮೈನಸ್ 0.04 ಅಂದರೆ ಏನು, ಅದನ್ನು ಕಳೆಯಬೇಕೋ ಕೂಡಬೇಕೋ ಅಂತ ಮಕ್ಕಳು ಜಗಳ ಆಡುತ್ತಾ ಋಣ ಸಂಖ್ಯೆ ಕಲಿತರು. ಮೊದಲ ಕ್ಲಾಸಿಗೆ ನಾಣ್ಯ ಅಳೆಸಿ. 2011ರ ಸರಣಿಯಲ್ಲಿ ಎರಡು ರೂಪಾಯಿಯದು 25 ಮಿ.ಮೀ., ಐದು ರೂಪಾಯಿಯದು 23. ಬೆಲೆ ಜಾಸ್ತಿ, ಗಾತ್ರ ಕಮ್ಮಿ ಅಂತ ಅವರೇ ಕೂಗುತ್ತಾರೆ. ಆಮೇಲೆ ಜೆರಾಕ್ಸ್ ಹಾಳೆ, ಸುಮಾರು 0.1 ಮಿ.ಮೀ. ಆಮೇಲೆ ತಲೆಕೂದಲು, 0.06, 0.08 ಹೀಗೆ. 0.1 ದೊಡ್ಡದೋ 0.08 ದೊಡ್ಡದೋ ಅನ್ನೋದು ಬೋರ್ಡಿನ ಮೇಲೆ ತಲೆಗೆ ಹತ್ತಿರಲಿಲ್ಲ. ಕೂದಲಿನಲ್ಲಿ ಹತ್ತಿತು. ಏಳನೇ ಶನಿವಾರವೋ ಎಂಟನೆಯದೋ ಮಾಡಿಸುವ ಒಂದು ಆಟ ಇದೆ, ಅದನ್ನು ಬಂದೇ ನೋಡಿ.

ಒಂದು ಎಚ್ಚರಿಕೆ. ಮಕ್ಕಳನ್ನು ಶಾಪ್‌ಗೆ ಕರೆತಂದರೆ ಮಷಿನ್ ಸುತ್ತ ಎಳೆದ ಹಳದಿ ಗೆರೆ ಒಳಗೆ ಬಿಡಬೇಡಿ, ಮಷಿನ್ ಮುಟ್ಟಿಸಲೇಬೇಡಿ. ಕಾನೂನೂ ಒಪ್ಪಲ್ಲ, ನಿಮ್ಮ ಎದೆಯೂ ತಡೆಯಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ರಾಯಚೂರು, ಒಡಿಶಾ, ಬಿಹಾರದಿಂದ ಬಂದ ನಮ್ಮ ಕೆಲಸಗಾರರ ಮಕ್ಕಳಿಗೆ ಸಂಜೆ ಕ್ಯಾಂಟೀನಿನಲ್ಲಿ ಓದಿಸೋದು. ಓಟಿ ಬಿದ್ದ ದಿನ ಕರೆದುಕೊಂಡು ಹೋಗಲು ಯಾರೂ ಇರುತ್ತಿರಲಿಲ್ಲ. ನಾಲ್ಕೈದು ತಿಂಗಳಲ್ಲಿ ನಿಂತಿತು. ಆದರೆ ಅದರಿಂದ ಒಂದು ಗೊತ್ತಾಯಿತು. ಅವರಲ್ಲಿ ಕೆಲವರು ಶಾಲೆಗೇ ಸೇರಿರಲಿಲ್ಲ, ಊರಿನಿಂದ ಟಿಸಿ ತಂದಿಲ್ಲ ಅಂತ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ, ಟಿಸಿ ತಡವಾಯಿತು ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ. ನಮ್ಮ ಟೈಮ್ ಆಫೀಸ್ ಹುಡುಗಿಯೇ ಅಪ್ಪ ಅಮ್ಮಂದಿರ ಜೊತೆ ಹೋಗಿ ಸೇರಿಸಿ ಬಂದಳು. ಖರ್ಚು ಆಟೋ ಚಾರ್ಜು.

ಮುಖ್ಯ ಶಿಕ್ಷಕರ ವರ್ಗಾವಣೆ ಸಮಸ್ಯೆಗೆ ಮದ್ದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ. ಅದರಲ್ಲಿ ಇರೋರು ಪೋಷಕರು, ಅವರಿಗೆ ಟ್ರಾನ್ಸ್‌ಫರ್ ಇಲ್ಲ. ಏನೇ ಮಾಡಿದರೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ನಾನು ಶುರು ಮಾಡಿದ ಮೇಲೆ ಮೂರನೇ ಹೆಡ್ ಮಿಸ್ ಬಂದಿದ್ದಾರೆ, ಶನಿವಾರ ನಿಂತಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ, "ನಮಗೇನು ಲಾಭ?" ಮೂವತ್ತು ಜನ ದಾಟಿದ್ದರಿಂದ ಅಪ್ರೆಂಟಿಸ್ ತೆಗೆದುಕೊಳ್ಳುವುದು ನಮಗೆ ಹೇಗಿದ್ದರೂ ಕಡ್ಡಾಯ. ಅಳತೆ ಕ್ಲಾಸಿನಲ್ಲಿ ಕಲಿತು, ಐಟಿಐ ಮುಗಿಸಿ ನಮ್ಮಲ್ಲಿಗೇ ಬಂದವರು ನಾಲ್ಕೈದು ಜನ. ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ) ಯೋಜನೆಯಲ್ಲಿ ಅಪ್ರೆಂಟಿಸ್‌ಗೆ ಕೊಡುವ ಸ್ಟೈಪೆಂಡಿನ ಶೇ. 25, ತಿಂಗಳಿಗೆ 1500 ರೂಪಾಯಿ ಮೀರದ ಹಾಗೆ, ಕೇಂದ್ರ ಸರ್ಕಾರ ಕೊಡುತ್ತದೆ. ಆ ನಾಲ್ಕೈದರಲ್ಲಿ ಇಬ್ಬರನ್ನು ಪಕ್ಕದ ಶಾಪ್‌ನವರು ಎರಡು ಸಾವಿರ ಜಾಸ್ತಿ ಕೊಟ್ಟು ಎಳೆದುಕೊಂಡರು. "ನಾವು ಮೊದಲೇ ಹೇಳಿದ್ವಲ್ಲ" ಅಂದರು ಸ್ನೇಹಿತರು. ಹೋಗಲಿ. ಉಳಿದವರಲ್ಲಿ ಒಬ್ಬ ಹುಡುಗಿ ಈಗ ಕ್ವಾಲಿಟಿಯಲ್ಲಿದ್ದಾಳೆ. ಜನರಲ್ ಶಿಫ್ಟ್ ಮಾತ್ರ ಅಂತ ಅವಳ ತಾಯಿಗೆ ಮಾತು ಕೊಟ್ಟು ಸೇರಿಸಿಕೊಂಡದ್ದು. ಅವಳು ಬಂದ ಮೇಲೆ ಗಿರಾಕಿಯಿಂದ ರಿಜೆಕ್ಷನ್ ವಾಪಸ್ ಬರೋದು ಅರ್ಧಕ್ಕಿಂತ ಕಮ್ಮಿ ಆಗಿದೆ. ಶಾಲೆಗೆ ಹಾಕಿದ ಎಲ್ಲ ದುಡ್ಡು ಅದೊಂದರಲ್ಲೇ ವಾಪಸ್ ಬಂದಿದೆ ಅಂತ ನನ್ನ ಅಂದಾಜು. ಪಾರ್ಟ್‌ನರ್ ಇನ್ನೂ ಒಪ್ಪಿಲ್ಲ.

ಜೂನ್‌ನಿಂದ ಇನ್ನೆರಡು ಶಾಪ್ ಸೇರುತ್ತಿವೆ. ಅವರದ್ದು ಬರೀ ಎಂಎಸ್ ಸ್ಕ್ರ್ಯಾಪ್, ದುಡ್ಡು ಕಮ್ಮಿ. ಹಾಗಾಗಿ ಶೌಚಾಲಯದ ಖರ್ಚು ಇಬ್ಬರೂ ಸೇರಿ ಅವರು ಹೊರುತ್ತಾರೆ, ಶನಿವಾರ ನಮ್ಮದು. ಪಕ್ಕದ ಬೀದಿಯ ಇನ್ನೊಂದು ಶಾಲೆಗೂ ಟರ್ನರ್ ಅಣ್ಣ ಬೇಕಂತೆ. ಅವನನ್ನು ಮಾತ್ರ ಬಿಟ್ಟುಕೊಡಲ್ಲ ಅಂದಿದ್ದೇನೆ, ನಿಮ್ಮ ಶಾಪ್‌ನಲ್ಲೇ ಅಂಥವನೊಬ್ಬ ಇದ್ದಾನೆ, ಹುಡುಕಿ.